ಮದುವೆ ಕ್ಯಾಸೆಟ್ ಮಸುಕಾಗಿದ್ದು ಟಿವಿಯಿಂದಲ್ಲ

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಕಡೆಯವರು. ಕಳೆದ ವರ್ಷ 65 ಇಂಚಿನ 4ಕೆ ಟಿವಿ ತಂದೆವು. ಟಿವಿಯ ಆ್ಯಪ್‌ಗಳಲ್ಲಿ ಸಿನಿಮಾ ಚೆನ್ನಾಗಿ ಕಾಣುತ್ತದೆ. ಡಿಶ್‌ನ ಸಾದಾ ಚಾನೆಲ್‌ಗಳು ಮಾತ್ರ ಮಸುಕು. ಅದಕ್ಕಿಂತ ಬೇಜಾರಿನ ವಿಷಯ ಕ್ಯಾಸೆಟ್‌ಗಳದ್ದು. 1999ರ ನಮ್ಮ ಮದುವೆಯದ್ದೊಂದು, ಮಾವನವರು ಆಡಿದ ಹಾಕಿ ಪಂದ್ಯದ್ದೊಂದು ಇದೆ. ವಿಸಿಆರ್ ಇನ್ನೂ ಓಡುತ್ತದೆ. ನಡುವೆ ಒಂದು ಚಿಕ್ಕ ಎವಿ-ಎಚ್‌ಡಿಎಂಐ ಪೆಟ್ಟಿಗೆ ಹಾಕಿದ್ದೇವೆ. ಚೆಂಡು ಎರಡೆರಡಾಗಿ ಕಾಣುತ್ತದೆ. ಎಲ್ಲರೂ ಕುಳ್ಳಗೆ, ಅಗಲವಾಗಿದ್ದಾರೆ. ಮದುಮಗನ ಸೊಂಟಕ್ಕೆ ಕಟ್ಟಿದ ಚೇಲೆಯ ಕೆಂಪು ಬಣ್ಣ, ಬಿಳಿ ಕುಪ್ಯದ (ಕೊಡವರ ನಿಲುವಂಗಿ) ಮೇಲೆ ಹರಡಿದ ಹಾಗಿದೆ. ಬೆಂಗಳೂರಿನ ಭಾವ, ‘ಟಿವಿಯೊಳಗೆ ಚಿತ್ರ ಹಿಗ್ಗಿಸುವ ಸ್ಕೇಲರ್ ಪ್ರಯೋಜನ ಇಲ್ಲ, ಹೊರಗಿನ ವಿಡಿಯೋ ಪ್ರೊಸೆಸರ್ ತಗೊಳ್ಳಿ’ ಎನ್ನುತ್ತಾರೆ. ಬೆಲೆ ಕೇಳಿ ಗಾಬರಿಯಾಯಿತು. ಏನು ಮಾಡಲಿ?

ಉತ್ತರ: ನಿಮ್ಮ ಭಾವನವರ ಮಾತು ಪೂರ್ತಿ ತಪ್ಪಲ್ಲ. ಇಪ್ಪತ್ತು ವರ್ಷದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ನಿಮ್ಮ ಮನೆಗೆ ಹೊರಗಿನ ಪ್ರೊಸೆಸರ್ ಬೇಡ, ಟಿವಿಯೊಳಗಿನದೇ ಸಾಕು. ತೊಂದರೆ ಇರುವುದು ವಿಸಿಆರ್‌ಗೂ ಟಿವಿಗೂ ನಡುವೆ ಕೂತಿರುವ ಆ ಚಿಕ್ಕ ಪೆಟ್ಟಿಗೆಯಲ್ಲಿ. ಚೆಂಡು ಎರಡಾಗುವುದು, ಮನುಷ್ಯರು ಕುಳ್ಳಗಾಗುವುದು ಅಲ್ಲಿ. ಕೆಂಪು ಹರಡುವುದು ಮಾತ್ರ ಕ್ಯಾಸೆಟ್ಟಿನ ಹುಟ್ಟುಗುಣ.

ಸುಮ್ನೆ ‘ಬೇಡ’ ಅಂದರೆ ಭಾವನವರು ಒಪ್ಪುವುದಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ದೇಶದ ಹಳೆಯ ಟಿವಿ ಪದ್ಧತಿಯ ಹೆಸರು ಪಾಲ್. ಅದರಲ್ಲಿ ಒಂದು ಚಿತ್ರಕ್ಕೆ 625 ಗೆರೆ. ಕಣ್ಣಿಗೆ ಕಾಣುವುದು 576. ಅದನ್ನು ಡಿಜಿಟಲ್ ಮಾಡಿದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. ಒಟ್ಟು 4,14,720. ನಿಮ್ಮ 4ಕೆ ಪರದೆಯಲ್ಲಿ ಇರುವುದು 82,94,400 ಚುಕ್ಕೆ. ಭಾಗಿಸಿ ನೋಡಿ, ಸರಿಯಾಗಿ ಇಪ್ಪತ್ತು ಪಟ್ಟು. ಅಂದರೆ ಸಾದಾ ಚಾನೆಲ್ಲನ್ನು ಪರದೆ ತುಂಬ ಹಾಕಿದಾಗ, ಇಪ್ಪತ್ತು ಚುಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಚಾನೆಲ್‌ನವರು ಮಾಹಿತಿ ಕಳಿಸಿದ್ದಾರೆ. ಉಳಿದ ಹತ್ತೊಂಬತ್ತನ್ನು ಅಕ್ಕಪಕ್ಕ ನೋಡಿ ಅಂದಾಜಿನ ಮೇಲೆ ತುಂಬಬೇಕು. ಈ ಅಂದಾಜು ಮಾಡುವವನೇ ಸ್ಕೇಲರ್. ಟಿವಿಯೊಳಗಿದ್ದರೂ ಅವನೇ, ಎರಡು ಲಕ್ಷದ ಪೆಟ್ಟಿಗೆಯಲ್ಲಿದ್ದರೂ ಅವನೇ. ಒಬ್ಬ ಚೆನ್ನಾಗಿ ಅಂದಾಜು ಮಾಡುತ್ತಾನೆ, ಇನ್ನೊಬ್ಬ ಸ್ವಲ್ಪ ಕಡಿಮೆ. ಕ್ಯಾಮೆರಾ ಕಾಣದೇ ಇದ್ದದ್ದನ್ನು ತರಲು ಇಬ್ಬರಿಗೂ ಆಗುವುದಿಲ್ಲ.

‘ಹಾಗಾದರೆ ಹಳೆಯ ಡಬ್ಬ ಟಿವಿಯಲ್ಲಿ ಇದೇ ಕ್ಯಾಸೆಟ್ ಅಷ್ಟು ಚೆನ್ನಾಗಿತ್ತಲ್ಲ?’ ಈ ಪ್ರಶ್ನೆ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಚೆನ್ನಾಗಿದ್ದದ್ದು ನಿಜ. ಮೊದಲ ಕಾರಣ ಗಾತ್ರ. 21 ಇಂಚಿನ ಟಿವಿಯಲ್ಲಿ ಚಿತ್ರದ ಎತ್ತರ ಸುಮಾರು ಒಂದಡಿ. ಅದರಲ್ಲಿ 576 ಗೆರೆ ಅಂದರೆ ಒಂದೊಂದು ಗೆರೆ ಅರ್ಧ ಮಿಲಿಮೀಟರ್‌ಗಿಂತ ತುಸು ಜಾಸ್ತಿ. ಒಳ್ಳೆಯ ಕಣ್ಣಿಗೂ ಆರಡಿ ದಾಟಿದರೆ ಅಷ್ಟು ಸಣ್ಣ ಗೆರೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ನಾವು ಕೂರುತ್ತಿದ್ದದ್ದು ಹತ್ತಡಿ ದೂರ. ಈಗ ಅದೇ ಚಿತ್ರ 65 ಇಂಚಿನ ಪರದೆಯಲ್ಲಿ 81 ಸೆಂಟಿಮೀಟರ್ ಎತ್ತರ ನಿಂತಿದೆ. ಗೆರೆಯೊಂದು 1.4 ಮಿಲಿಮೀಟರ್ ದಪ್ಪ. ಅದು ಮರೆಯಾಗಬೇಕಾದರೆ ಹದಿನಾರಡಿ ದೂರ ಹೋಗಬೇಕು. ನಿಮ್ಮ ಮನೆಯ ನಡುಮನೆ ಅಷ್ಟು ಉದ್ದ ಇದ್ದರೆ ಒಮ್ಮೆ ಹಿಂದಿನ ಗೋಡೆಗೆ ಒರಗಿ ನಿಂತು ಕ್ಯಾಸೆಟ್ ನೋಡಿ. ಅರ್ಧ ದೂರು ಅಲ್ಲೇ ಕಡಿಮೆಯಾಗುತ್ತದೆ. ಬಿಟ್ಟಿ ಪರೀಕ್ಷೆ, ಮಾಡಿ ನೋಡಲು ಏನು ನಷ್ಟ?

ಇದೇ ಲೆಕ್ಕವನ್ನು ತಿರುಗಿಸಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಎಚ್‌ಡಿ ಚಾನೆಲ್‌ನ 1080 ಗೆರೆ ಈ ಪರದೆಯಲ್ಲಿ ಮುಕ್ಕಾಲು ಮಿಲಿಮೀಟರ್. ಎಂಟೂವರೆ ಅಡಿ ದಾಟಿದರೆ ಅದು ಕಾಣುವುದಿಲ್ಲ. ಹತ್ತಡಿ ದೂರದ ಸೋಫಾದಿಂದ ನೋಡುವವರಿಗೆ ಎಚ್‌ಡಿಯನ್ನು 4ಕೆಗೆ ಹಿಗ್ಗಿಸುವುದರಲ್ಲಿ ಯಾರು ಜಾಣ, ಯಾರು ದಡ್ಡ ಅಂತ ಗೊತ್ತೇ ಆಗುವುದಿಲ್ಲ. ದುಬಾರಿ ಪೆಟ್ಟಿಗೆಯ ಜಾಣತನ ತೋರಬೇಕಾದರೆ ನೀವು ಪರದೆ ಹತ್ತಿರ ಹೋಗಿ ಮೊಣಕಾಲೂರಿ ಕೂರಬೇಕು.

ಎರಡನೇ ಕಾರಣ ಇನ್ನೂ ಮುಖ್ಯ. ನಿಮ್ಮ ಚೆಂಡಿನ ಕಥೆ ಇರುವುದು ಇಲ್ಲಿ.

ಪಾಲ್ ಚಿತ್ರ ಇಡಿಯಾಗಿ ಬರುವುದಿಲ್ಲ. ಮೊದಲು ಬೆಸ ಗೆರೆಗಳು, ಆಮೇಲೆ ಸರಿ ಗೆರೆಗಳು. ಸೆಕೆಂಡಿಗೆ 50 ಅರ್ಧ ಚಿತ್ರ. ಡಬ್ಬ ಟಿವಿ ಬಂದದ್ದನ್ನು ಬಂದ ಹಾಗೇ ಗಾಜಿನ ಮೇಲೆ ಬರೆಯುತ್ತಿತ್ತು. ಜೋಡಿಸುವ ಕೆಲಸ ನಮ್ಮ ಕಣ್ಣೇ ಮಾಡಿಕೊಳ್ಳುತ್ತಿತ್ತು. ಈಗಿನ ಟಿವಿಗೆ ಅದು ಬರುವುದಿಲ್ಲ. ಅದಕ್ಕೆ ಇಡೀ ಚಿತ್ರವೇ ಬೇಕು. ಹಾಗಾಗಿ ಹಿಗ್ಗಿಸುವುದಕ್ಕೂ ಮೊದಲು ಯಾರಾದರೂ ಎರಡು ಅರ್ಧಗಳನ್ನು ಜೋಡಿಸಬೇಕು. ಇದಕ್ಕೆ ಡಿ-ಇಂಟರ್‌ಲೇಸಿಂಗ್ ಎನ್ನುತ್ತಾರೆ. ನಾನು ‘ಗೆರೆ ಜೋಡಣೆ’ ಅಂತಲೇ ಹೇಳುತ್ತೇನೆ. ಸ್ಕೇಲರ್ ಸರಿಯಿಲ್ಲ ಎಂಬ ಹತ್ತು ದೂರಿನಲ್ಲಿ ಏಳೆಂಟು ನಿಜವಾಗಿ ಗೆರೆ ಜೋಡಣೆಯ ದೂರು. ಇದು ನನ್ನ ಅನುಭವದ ಮಾತು.

ಹಾಕಿ ಚೆಂಡನ್ನೇ ತಗೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದ ಹೊಡೆತ ಎಂದುಕೊಳ್ಳಿ. ಒಂದು ಅರ್ಧ ಚಿತ್ರದಿಂದ ಇನ್ನೊಂದಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ ಸಮಯ. ಅಷ್ಟರಲ್ಲಿ ಚೆಂಡು ಅರ್ಧ ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಬೆಸ ಗೆರೆಯಲ್ಲಿ ಚೆಂಡು ಒಂದು ಕಡೆ, ಸರಿ ಗೆರೆಯಲ್ಲಿ ಅದು ಇನ್ನೊಂದು ಕಡೆ. ಎರಡನ್ನೂ ಹಾಗೇ ಹೆಣೆದುಬಿಟ್ಟರೆ ಚಲಿಸುವ ವಸ್ತುವಿನ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳುತ್ತದೆ. ಎರಡನ್ನೂ ಕಲಸಿದರೆ ಹಲ್ಲು ಹೋಗುತ್ತದೆ, ಆದರೆ ಎರಡು ಪೇಲವ ಚೆಂಡು ಉಳಿಯುತ್ತದೆ. ನಿಮ್ಮ ಪೆಟ್ಟಿಗೆ ಮಾಡುತ್ತಿರುವುದು ಇದನ್ನೇ. ಅರ್ಧವನ್ನು ಎಸೆದು ಉಳಿದರ್ಧವನ್ನೇ ಹಿಗ್ಗಿಸುವವೂ ಇವೆ. ಆಗ ಚೆಂಡು ಒಂದೇ ಇರುತ್ತದೆ, ಆದರೆ ಮೈದಾನದ ಬಿಳಿ ಗೆರೆ, ಗೋಲ್ ಕಂಬ, ಓರೆ ಹಿಡಿದ ಸ್ಟಿಕ್ ಎಲ್ಲ ಮೆಟ್ಟಿಲು ಮೆಟ್ಟಿಲಾಗುತ್ತವೆ.

ಒಳ್ಳೆಯ ಜೋಡಣೆ ಚಿತ್ರವನ್ನು ತುಂಡು ತುಂಡಾಗಿ ನೋಡುತ್ತದೆ. ಹಿಂದಿನ ಮರ, ಗ್ಯಾಲರಿಯ ಮೆಟ್ಟಿಲು ಅಲುಗಾಡುತ್ತಿಲ್ಲ, ಅಲ್ಲಿ ಎರಡೂ ಅರ್ಧಗಳನ್ನು ಹೆಣೆ. ಆಟಗಾರ ಓಡುತ್ತಿದ್ದಾನೆ, ಅಲ್ಲಿ ಒಂದೇ ಅರ್ಧದಿಂದ ಅಂದಾಜು ಮಾಡು. ಓರೆ ಅಂಚಿದ್ದರೆ ಆ ಓರೆಯ ಜಾಡು ಹಿಡಿದು ತುಂಬು. ಈ ಜಾಡು ಹಿಡಿಯುವ ವಿದ್ಯೆಗೆ ಹೆಸರಾದವರು ಅಮೆರಿಕದ ಈವ್ ಫರೂಜಾ. ತೊಂಬತ್ತರ ದಶಕದಲ್ಲಿ ದೊಡ್ಡ ಪ್ರೊಜೆಕ್ಟರ್ ಇಟ್ಟವರು ಅವರ ಕಂಪನಿಯ ಗೆರೆ ದುಪ್ಪಟ್ಟು ಮಾಡುವ ಪೆಟ್ಟಿಗೆಗಳಿಗೆ ಸಾವಿರಾರು ಡಾಲರ್ ಕೊಡುತ್ತಿದ್ದರು. ಆಗ ಅದು ದುಡ್ಡಿಗೆ ತಕ್ಕ ಮಾಲು, ಏಕೆಂದರೆ ಟಿವಿಯೊಳಗೆ ಈ ಕೆಲಸ ಮಾಡುವವರು ಯಾರೂ ಇರಲಿಲ್ಲ. ಆಮೇಲೆ ಅದೇ ವಿದ್ಯೆ ಚಿಪ್ ಆಯಿತು. ಚಿಪ್ ಟಿವಿಯೊಳಗೇ ಬಂದು ಕೂತಿತು. ಭಾವನವರ ಸಲಹೆ ಆ ಚಿಪ್ ಬರುವ ಮೊದಲಿನದು.

ನಿಮ್ಮ ಪೆಟ್ಟಿಗೆಯಲ್ಲಿ ಇನ್ನೆರಡು ಕಿತಾಪತಿ ಇದೆ. ಇಂಥ ಅಗ್ಗದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 60 ಚಿತ್ರ ಹೊರಗೆ ಕೊಡುತ್ತವೆ. ಒಳಗೆ ಬರುವುದು 50. ಉಳಿದ ಹತ್ತಕ್ಕೆ ಎಲ್ಲಿಗೆ ಹೋಗುವುದು? ಪ್ರತಿ ಐದಕ್ಕೊಂದನ್ನು ಎರಡು ಸಲ ತೋರಿಸುತ್ತವೆ. ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಮೈದಾನ ಜರ್ರ್ ಜರ್ರ್ ಎಂದು ಎಳೆದ ಹಾಗೆ ಆಗುವುದು ಅದಕ್ಕೆ. ಇನ್ನೊಂದು, 4:3 ಚಿತ್ರವನ್ನು ಎಳೆದು 16:9 ಮಾಡುತ್ತವೆ. ನಿಮ್ಮ ಮದುವೆಗೆ ಬಂದ ನೆಂಟರೆಲ್ಲ ಅಗಲವಾಗಿದ್ದು ಊಟ ಜಾಸ್ತಿಯಾಗಿ ಅಲ್ಲ. ಇದಕ್ಕೆ ಟಿವಿಯ ಚಿತ್ರದ ಅಳತೆಯಲ್ಲಿ 4:3 ಆರಿಸಿ. ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಮನೆಯಲ್ಲಿ ಯಾರಾದರೂ ‘ಪರದೆ ವೇಸ್ಟ್ ಆಯ್ತು’ ಅಂದೇ ಅನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಈಗ ಮೊದಲು ಮಾಡಬೇಕಾದ ಕೆಲಸ. ಟಿವಿಯ ಹಿಂದೆ ಹಳದಿ ಪಿನ್ನಿನ ತೂತು ಇದೆಯಾ ನೋಡಿ. ಇಲ್ಲದಿದ್ದರೆ ‘ಎವಿ’ ಎಂದು ಬರೆದ, ಇಯರ್‌ಫೋನ್ ಹಾಕುವಂಥ ಸಣ್ಣ ತೂತು ಇರಬಹುದು. ಇದ್ದರೆ ಆ ಚಿಕ್ಕ ಪೆಟ್ಟಿಗೆ ತೆಗೆದುಬಿಟ್ಟು ವಿಸಿಆರನ್ನು ನೇರ ಟಿವಿಗೇ ಕೊಡಿ. ಸಣ್ಣ ತೂತಿಗೆ ಒಂದು ವೈರ್ ಬರುತ್ತದೆ, ಅಷ್ಟೇನೂ ಬೆಲೆಯಿಲ್ಲ. ಆ ವೈರ್‌ಗಳ ಒಳಜೋಡಣೆ ಎಲ್ಲ ಒಂದೇ ಥರ ಇರುವುದಿಲ್ಲ. ಹಳದಿಗೆ ಹಾಕಿ ಚಿತ್ರ ಬಾರದಿದ್ದರೆ ಟಿವಿ ಕೆಟ್ಟಿದೆ ಅಂದುಕೊಳ್ಳಬೇಡಿ, ಕೆಂಪಿಗೆ ಹಾಕಿ ನೋಡಿ. ನೇರ ಕೊಟ್ಟಾಗ ಗೆರೆ ಜೋಡಣೆಯನ್ನು ಟಿವಿಯ ಚಿಪ್ಪೇ ಮಾಡುತ್ತದೆ, ಸೆಕೆಂಡಿಗೆ 50 ಬಂದದ್ದು 50 ಆಗಿಯೇ ಉಳಿಯುತ್ತದೆ. ಚೆಂಡು ಒಂದಾಗಬೇಕು. ಹೊಸ ಟಿವಿಗಳಲ್ಲಿ ಕೆಲವಕ್ಕೆ ಈ ತೂತೇ ಇಲ್ಲ. ಹಾಗಿದ್ದರೆ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಸುವುದೇ ದಾರಿ. ಅದಕ್ಕೆ ಆಮೇಲೆ ಬರುತ್ತೇನೆ.

ಚೇಲೆಯ ಕೆಂಪು ಹರಡುವ ವಿಷಯ ಬೇರೆ. ವಿಎಚ್‌ಎಸ್ ಕ್ಯಾಸೆಟ್ ಕಪ್ಪು-ಬಿಳುಪಿನ ವಿವರವನ್ನೇ ಕಡಿಮೆ ಇಟ್ಟುಕೊಳ್ಳುತ್ತದೆ, ಅಡ್ಡಕ್ಕೆ ಸುಮಾರು 240 ಗೆರೆಯಷ್ಟು. ಬಣ್ಣದ ವಿವರವಂತೂ ಸುಮಾರು 40ರಷ್ಟು ಮಾತ್ರ. ಅಷ್ಟು ದಪ್ಪ ಕುಂಚದಲ್ಲಿ ಬಿಳಿ ಕುಪ್ಯದ ನಡುವಿಗೆ ಕೆಂಪು ಪಟ್ಟಿ ಬಳಿದರೆ ಹರಡದೆ ಇರುತ್ತದಾ? ಕಪ್ಪು ಕುಪ್ಯ ಆಗಿದ್ದರೆ ಇಷ್ಟು ಗೊತ್ತಾಗುತ್ತಿರಲಿಲ್ಲ. ಮದುವೆ ದಿನ ಗಂಡಿಗೆ ಬಿಳಿಯೇ ಬೇಕಲ್ಲ! ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದಾಗಲೆಲ್ಲ ಬಣ್ಣ ಇನ್ನಷ್ಟು ಕೆಳಕ್ಕೆ ಜಾರುತ್ತದೆ. ಈ ಜಾರಿದ ಬಣ್ಣವನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಎತ್ತಿ ಅದರ ಜಾಗಕ್ಕೆ ಕೂರಿಸಬಹುದು. ಹರಡಿದ್ದನ್ನು ಪೂರ್ತಿ ಒರೆಸಲು ಯಾರಿಂದಲೂ ಆಗುವುದಿಲ್ಲ, ಹತ್ತು ಲಕ್ಷದ ಪೆಟ್ಟಿಗೆಯಿಂದಲೂ.

ಡಿಶ್‌ನ ಚಾನೆಲ್‌ಗಳಿಗೆ ಬರೋಣ. ಇಲ್ಲಿ ಒಂದೇ ಒಲೆಗೆ ಇಬ್ಬರು ಅಡುಗೆಯವರು. ಸಾದಾ ಚಾನೆಲ್ ಬರುವುದು 576 ಗೆರೆಯಲ್ಲಿ. ಸೆಟ್ ಟಾಪ್ ಬಾಕ್ಸ್ ಅದನ್ನು 1080ಕ್ಕೆ ಹಿಗ್ಗಿಸಿ ಮತ್ತೆ ಅರ್ಧ ಅರ್ಧ ಮಾಡಿ ಟಿವಿಗೆ ಕೊಡುತ್ತದೆ. ಟಿವಿ ಮತ್ತೆ ಜೋಡಿಸಿ, ಮತ್ತೆ ಹಿಗ್ಗಿಸುತ್ತದೆ. ಬಾಕ್ಸಿನೊಳಗಿನ ಚಿಪ್ ಅಗ್ಗದ್ದು. ಅದು ಮೊದಲೇ ಉಪ್ಪು ಜಾಸ್ತಿ ಹಾಕಿದ್ದರೆ ಟಿವಿ ಏನು ಮಾಡೀತು? ಬಾಕ್ಸಿನ ಸೆಟ್ಟಿಂಗ್‌ನಲ್ಲಿ ವಿಡಿಯೋ ಔಟ್‌ಪುಟ್ ಎಂದಿರುತ್ತದೆ. 576ಐ, 576ಪಿ, 720ಪಿ, 1080ಐ (ಐ ಅಂದರೆ ಅರ್ಧ ಚಿತ್ರ, ಪಿ ಅಂದರೆ ಇಡೀ ಚಿತ್ರ) ಹೀಗೆ ಒಂದೊಂದನ್ನೇ ಹಾಕಿ, ಒಂದೇ ಚಾನೆಲ್ ಹತ್ತು ನಿಮಿಷ ನೋಡಿ. ಸುದ್ದಿ ಚಾನೆಲ್‌ನ ಕೆಳಗೆ ಓಡುವ ಅಕ್ಷರ ಈ ಪರೀಕ್ಷೆಗೆ ಬಹಳ ಒಳ್ಳೆಯದು. ‘ನೇಟಿವ್’ ಎಂಬ ಆಯ್ಕೆ ಇದ್ದರೆ ಕಣ್ಣುಮುಚ್ಚಿ ಅದನ್ನೇ ಹಾಕಿ. ಬಂದದ್ದನ್ನು ಬಂದ ಹಾಗೇ ಟಿವಿಗೆ ಕೊಡು ಎಂದು ಅದರ ಅರ್ಥ. ಚಾನೆಲ್ ಬದಲಿಸುವಾಗ ಒಂದೆರಡು ಸೆಕೆಂಡ್ ಪರದೆ ಕಪ್ಪಾಗುತ್ತದೆ, ಅಷ್ಟೇ ಕಿರಿಕಿರಿ.

ಇನ್ನೂ ಸುಲಭದ ದಾರಿಯೊಂದಿದೆ. ಮನೆಯಲ್ಲಿ ದಿನಾ ನೋಡುವ ನಾಲ್ಕೈದು ಚಾನೆಲ್‌ಗಳಿಗೆ ಎಚ್‌ಡಿ ಇದ್ದರೆ ಅದನ್ನೇ ಹಾಕಿಸಿಕೊಳ್ಳಿ. ಸಾದಾ ಚಾನೆಲ್ ಮಸುಕಾಗುವುದು ಗೆರೆ ಕಡಿಮೆ ಎಂದು ಮಾತ್ರ ಅಲ್ಲ. ಉಪಗ್ರಹದ ಜಾಗ ಉಳಿಸಲು ಅದನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸಿರುತ್ತಾರೆ. ಮುಖದ ಮೇಲೆ ಚೌಕ ಚೌಕ ಕಾಣುವುದು ಅದರಿಂದ. ಸ್ಕೇಲರ್ ಆ ಚೌಕಗಳನ್ನೂ ನಿಯತ್ತಾಗಿ ಹಿಗ್ಗಿಸುತ್ತದೆ.

ಟಿವಿಯ ಸೆಟ್ಟಿಂಗ್ ವಿಷಯ ಎರಡು ಮಾತಲ್ಲಿ ಮುಗಿಸುತ್ತೇನೆ. ಶಾರ್ಪ್‌ನೆಸ್ ಕಡಿಮೆ ಮಾಡಿ. ಅದು ವಿವರ ಕೊಡುವುದಿಲ್ಲ, ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ. ಹಲವು ಟಿವಿಗಳಲ್ಲಿ ಸೊನ್ನೆ ಅಥವಾ ಅದರ ಹತ್ತಿರ ಇಟ್ಟರೆ ಸರಿ, ಸೋನಿಯಲ್ಲಿ ಮಾತ್ರ 50 ಅಂದರೆ ಸಮ. ‘ಡೈನಾಮಿಕ್’ ಅಥವಾ ‘ವಿವಿಡ್’ ಬೇಡ, ‘ಸಿನಿಮಾ’ ಹಾಕಿ. ಗೇಮ್ ಮೋಡ್ ಆನ್ ಆಗಿದ್ದರೆ ಆಫ್ ಮಾಡಿ. ಅದು ತಡ ಆಗಬಾರದೆಂದು ಚಿತ್ರದ ಮೇಲಿನ ಕೆಲಸವನ್ನು ಕಡಿತ ಮಾಡುತ್ತದೆ. ನಾಯ್ಸ್ ರಿಡಕ್ಷನ್ ಡಿಶ್‌ಗೆ ಸ್ವಲ್ಪ ಇರಲಿ. ಕ್ಯಾಸೆಟ್ಟಿಗೆ ಜಾಸ್ತಿ ಇಟ್ಟರೆ ಮುಖ ಮೇಣದ ಗೊಂಬೆ ಆಗುತ್ತದೆ. ಈಗಿನ ‘ಎಐ’ ಹೆಸರಿನ ಚಿಪ್‌ಗಳಿಗೂ ಇದೇ ಚಾಳಿ. ಎಚ್‌ಡಿಗೆ ಚೆನ್ನಾಗಿ ಕೆಲಸ ಮಾಡುತ್ತವೆ, ಕ್ಯಾಸೆಟ್ಟಿನ ಕಾಳು ಕಾಳು ಕಂಡರೆ ಗಲಿಬಿಲಿಗೊಂಡು ಇಲ್ಲದ ಹುಬ್ಬು, ಇಲ್ಲದ ಸುಕ್ಕು ಬರೆಯುತ್ತವೆ. ನಿಮ್ಮ ಅಜ್ಜಿಯ ಮುಖವನ್ನು ಯಾರೋ ಬೇರೆಯವರ ಮುಖ ಮಾಡಿದರೆ ಅದನ್ನು ಸುಧಾರಣೆ ಎನ್ನಬೇಕೇ? ನನಗಂತೂ ಮಸುಕಾದ ಅಜ್ಜಿಯೇ ಇಷ್ಟ.

ಹಾಗಾದರೆ ಹೊರಗಿನ ಪ್ರೊಸೆಸರ್ ಯಾರಿಗೂ ಬೇಡವೇ? ಬೇಕು. ಪ್ರೊಜೆಕ್ಟರ್ ಇರುವವರಿಗೆ. ನಮ್ಮ ಜಿಲ್ಲೆಯ ಹೋಂಸ್ಟೇಗಳಲ್ಲಿ ಈಗ ನೂರು, ನೂರಿಪ್ಪತ್ತು ಇಂಚಿನ ಪರದೆ ಹಾಕಿಸುವವರು ಇದ್ದಾರೆ. ಅಲ್ಲಿ ದೊಡ್ಡ ಸಮಸ್ಯೆ ಹಿಗ್ಗಿಸುವುದಲ್ಲ, ಬೆಳಕು. ಎಚ್‌ಡಿಆರ್, ಅಂದರೆ ಬೆಳಕು-ಕತ್ತಲೆಯ ಅಂತರ ಹೆಚ್ಚಿರುವ ಸಿನಿಮಾ ತಯಾರಾಗುವುದು ಬಹಳ ಬೆಳಕು ಕೊಡುವ ಪರದೆಯನ್ನು ಲೆಕ್ಕದಲ್ಲಿಟ್ಟು. ಪ್ರೊಜೆಕ್ಟರ್‌ನಲ್ಲಿ ಅದರ ಸಣ್ಣ ಪಾಲು ಮಾತ್ರ ಇರುತ್ತದೆ. ಯಾವ ಬೆಳಕನ್ನು ಉಳಿಸಬೇಕು, ಯಾವುದನ್ನು ಇಳಿಸಬೇಕು ಅಂತ ದೃಶ್ಯದಿಂದ ದೃಶ್ಯಕ್ಕೆ ಲೆಕ್ಕ ಹಾಕಬೇಕು. ಇದಕ್ಕೆ ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಲುಮಾಜೆನ್ ರೇಡಿಯನ್ಸ್ ಪ್ರೊ, ಮ್ಯಾಡ್‌ವಿಆರ್ ಎನ್ವಿ ಥರದ ಪೆಟ್ಟಿಗೆಗಳಿಗೆ ಜನ ಸಾವಿರಾರು ಡಾಲರ್ ಕೊಡುವುದು ಮುಖ್ಯವಾಗಿ ಈ ಲೆಕ್ಕಕ್ಕೆ. ಸಿನಿಮಾ ಅಗಲದ ಪರದೆಗೆ ಚಿತ್ರ ಹೊಂದಿಸುವುದು, ಬಣ್ಣ ಅಳೆದು ಸರಿಪಡಿಸುವುದು ಅದರ ಜೊತೆಗೆ ಬರುವ ಲಾಭ. ಹಳೆಯ ವಿಡಿಯೋ ಗೇಮ್ ಆಡುವವರಿಗೆ ರೆಟ್ರೋಟಿಂಕ್ 4ಕೆ ಎಂಬುದು ಬೇರೆ ಇದೆ, 2023ರಲ್ಲಿ ಬಂದಾಗ ಅದಕ್ಕೆ 750 ಡಾಲರ್ ಇತ್ತು. ಆಟದ ಚುಕ್ಕೆಗಳನ್ನು ತಡ ಮಾಡದೆ, ಕದಡದೆ ಹಿಗ್ಗಿಸುತ್ತದೆ. ನಿಮ್ಮ ಮನೆಯಲ್ಲಿ ಪ್ರೊಜೆಕ್ಟರೂ ಇಲ್ಲ, ಹಳೆಯ ಗೇಮ್ ಪೆಟ್ಟಿಗೆಯೂ ಇಲ್ಲ ಎಂದುಕೊಂಡಿದ್ದೇನೆ.

ಭಾವನವರಿಗೆ ಇನ್ನೊಂದು ವಿಷಯ ಹೇಳಿ. ಟಿವಿಯ ಒಳಗಿನ ಆ್ಯಪ್‌ಗಳ ಚಿತ್ರ ಹೊರಗಿನ ಪ್ರೊಸೆಸರ್ ಮೂಲಕ ಹಾಯುವುದೇ ಇಲ್ಲ. ಪ್ರೊಸೆಸರ್‌ಗೆ ಎಚ್‌ಡಿಎಂಐಯಲ್ಲಿ ಹೊರಗಿನಿಂದ ಬಂದದ್ದು ಮಾತ್ರ ಸಿಗುತ್ತದೆ. ಟಿವಿ ತಾನೇ ಇಂಟರ್ನೆಟ್‌ನಿಂದ ಇಳಿಸಿ ತಾನೇ ತೋರಿಸುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಒಮ್ಮೆ ಒಂದು ತೋಟದ ಮನೆಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಟಿವಿ ಕೆಳಗೆ ಒಳ್ಳೆಯ ಪ್ರೊಸೆಸರ್ ಒಂದು ನೀಲಿ ದೀಪ ಉರಿಸಿಕೊಂಡು ಕೂತಿತ್ತು. ಯಜಮಾನರು, ‘ಇದು ಬಂದ ಮೇಲೆ ಚಿತ್ರ ಎಷ್ಟು ಚೆಂದ ಗೊತ್ತಾ’ ಎಂದು ಸಿನಿಮಾ ಹಾಕಿ ತೋರಿಸಿದರು. ಟಿವಿಯ ಆ್ಯಪ್‌ನಿಂದ. ಅವರ ಡಿಶ್ ರೀಚಾರ್ಜ್ ಮುಗಿದು ವರ್ಷವಾಗಿತ್ತಂತೆ. ಕಾಫಿ ಕುಡಿದು ಸುಮ್ಮನೆ ಬಂದೆ. ಹೇಳಬೇಕಿತ್ತೇನೋ, ಆದರೆ ಕಾಫಿ ಚೆನ್ನಾಗಿತ್ತು.

ಇನ್ನು ನೀವು ಕೇಳದೇ ಇದ್ದರೂ ನನಗೆ ಹೇಳಲೇಬೇಕು ಎನಿಸುವ ವಿಷಯ. ಪ್ರೊಸೆಸರ್‌ಗೆ ಇಟ್ಟ ದುಡ್ಡಿನ ಒಂದು ಸಣ್ಣ ಪಾಲನ್ನು ಕ್ಯಾಸೆಟ್‌ಗಳ ಮೇಲೆ ಹಾಕಿ. ನಮ್ಮೂರಿನ ಮಳೆಗಾಲದ ತೇವಕ್ಕೆ ಚಪ್ಪಲಿ, ಬೆಲ್ಟು, ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ ಬಿಟ್ಟೀತೇ? ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ, ಬಲೆಯಂಥದ್ದು ಕಂಡರೆ ದಯವಿಟ್ಟು ವಿಸಿಆರ್‌ಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ, ಟೇಪ್ ಹರಿಯಲೂಬಹುದು. ಅದನ್ನು ಬಿಚ್ಚಿ ಒರೆಸುವವರ ಕೈಗೇ ಕೊಡಬೇಕು. ಪುಡಿ ಇಲ್ಲದಿದ್ದರೆ ನೀವು ಪುಣ್ಯವಂತರು, ತಡ ಮಾಡಬೇಡಿ. ನಿಮ್ಮ ವಿಸಿಆರನ್ನೂ ಜೋಪಾನ ಮಾಡಿ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ಮಾಡುವುದನ್ನು ನಿಲ್ಲಿಸಿತು. ಅವರೇ ಕೊನೆಯವರು. ಈಗ ಕೆಟ್ಟರೆ ಇನ್ನೊಂದು ಹಳೆಯ ವಿಸಿಆರ್ ಬಿಚ್ಚಿಯೇ ಭಾಗ ಹೊಂದಿಸಬೇಕು.

ಡಿಜಿಟಲ್ ಮಾಡಿಸಲು ಕೊಡುವಾಗ ಮೂರು ಮಾತು ಹೇಳಿ ಕೊಡಿ. ಒಂದು, 576 ಗೆರೆಯಲ್ಲೇ, ಅರ್ಧ ಚಿತ್ರಗಳನ್ನು ಹಾಗೇ ಉಳಿಸಿ ಇಡಲಿ. ‘4ಕೆ ಮಾಡಿ ಕೊಡುತ್ತೇವೆ’ ಅಂದರೆ ಬೇಡ ಅನ್ನಿ. ಹಿಗ್ಗಿಸುವುದು ಯಾವತ್ತೂ ಮಾಡಬಹುದು, ಹಿಗ್ಗಿಸಿ ಕೆಡಿಸಿದ್ದನ್ನು ವಾಪಸ್ ಮಾಡಲಾಗುವುದಿಲ್ಲ. ಎರಡು, ಫೈಲ್ ದೊಡ್ಡದಿರಲಿ. ಗಂಟೆಗೆ 13 ಜಿಬಿ ಅಂದರೆ ಡಿವಿ ಎಂಬ ಡಿಜಿಟಲ್ ಟೇಪಿನ ಮಟ್ಟ, ಅದಕ್ಕಿಂತ ಕಡಿಮೆ ಬೇಡ. ಇಡೀ ಮದುವೆಯನ್ನು ಒಂದು ಡಿವಿಡಿಯಲ್ಲಿ ಅದುಮಿ ಕೊಡುವವರ ಹತ್ತಿರ ಹೋಗಬೇಡಿ. ಮೂರು, ವಿಸಿಆರ್ ಮತ್ತು ಕಂಪ್ಯೂಟರ್ ನಡುವೆ ಟೈಮ್ ಬೇಸ್ ಕರೆಕ್ಟರ್ ಇದೆಯಾ ಎಂದು ಕೇಳಿ. ಹಳೆಯ ಟೇಪ್ ಓಡುವಾಗ ಗೆರೆಗಳು ಆಚೀಚೆ ನಡುಗುತ್ತವೆ, ಚಿತ್ರದ ಮೇಲ್ತುದಿ ಬಗ್ಗುತ್ತದೆ. ಅದನ್ನು ನೇರ ಮಾಡುವುದು ಇದರ ಕೆಲಸ. ಕೆಲವು ಹಳೆಯ ಡಿವಿಡಿ ರೆಕಾರ್ಡರ್‌ಗಳ ಮೂಲಕ ಹಾಯಿಸಿದರೂ ಆ ನಡುಕ ಬಹಳ ಕಡಿಮೆಯಾಗುತ್ತದೆ. ಮನೆಯ ಅಟ್ಟದಲ್ಲಿ ಅಂಥದ್ದು ಇದ್ದರೆ ಗುಜರಿಗೆ ಹಾಕಬೇಡಿ.

ಹೀಗೆ ಬಂದ ಫೈಲನ್ನು ಎತ್ತಿಟ್ಟು, ನೋಡಲು ಇನ್ನೊಂದು ಪ್ರತಿ ಮಾಡಿಸಿ. ಕ್ಯುಟಿಜಿಎಂಸಿ ಎಂಬ ಗೆರೆ ಜೋಡಣೆ ಇದೆ, ಬಿಟ್ಟಿ ಸಾಫ್ಟ್‌ವೇರ್. ನಿಧಾನವಾಗಿ, ಹಿಂದೆ ಮುಂದೆ ಹಲವು ಚಿತ್ರ ನೋಡಿ ಜೋಡಿಸುತ್ತದೆ. ಟಿವಿಯಾಗಲಿ ಹೊರಗಿನ ಪೆಟ್ಟಿಗೆಯಾಗಲಿ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಮುಗಿಸಬೇಕಾದ ಕೆಲಸಕ್ಕೆ ಇದು ಬೇಕಾದಷ್ಟು ಹೊತ್ತು ತಗೊಳ್ಳಬಹುದು. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆಗೆ ಸಿಗುತ್ತದೆ. ಅದಕ್ಕೇ ಲಕ್ಷದ ಪೆಟ್ಟಿಗೆಗಿಂತ ಇದರ ಚಿತ್ರ ಚೆನ್ನಾಗಿರುತ್ತದೆ. ಸೆಕೆಂಡಿಗೆ 25 ಅಲ್ಲ, 50 ಚಿತ್ರ ಬರುವ ಹಾಗೆ ಮಾಡಲು ಹೇಳಿ. ಮಂಟಪದಲ್ಲಿ ಕೂತವರಿಗೆ 25 ಸಾಕಾದೀತು, ಹಾಕಿಗೆ ಸಾಲದು. ಈ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಟಿವಿಗೆ ಹಾಕಿದರೆ ಉಳಿದ ಹಿಗ್ಗಿಸುವ ಕೆಲಸ ಟಿವಿ ಚೆನ್ನಾಗಿಯೇ ಮಾಡುತ್ತದೆ.

ಮದುವೆ ವಿಡಿಯೋ ತೆಗೆದವರು ಇನ್ನೂ ಊರಿನಲ್ಲಿದ್ದರೆ ಒಮ್ಮೆ ವಿಚಾರಿಸಿ. 1999ರ ಹೊತ್ತಿಗೆ ಕೆಲವರು ಡಿಜಿಟಲ್ ಡಿವಿ ಟೇಪಿನಲ್ಲಿ ತೆಗೆದು ಗಿರಾಕಿಗೆ ವಿಎಚ್‌ಎಸ್ ನಕಲು ಕೊಡುತ್ತಿದ್ದರು. ಮೂಲ ಟೇಪ್ ಸಿಕ್ಕರೆ ಅದರಲ್ಲಿ ಕುಪ್ಯ ಬಿಳಿಯಾಗೇ ಇರುತ್ತದೆ, ಕೆಂಪು ಚೇಲೆಯಲ್ಲೇ ನಿಲ್ಲುತ್ತದೆ.

ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗು ಶುರುವಾದ ಮೇಲೆ ಟಿವಿ, ಬಾಕ್ಸ್, ವಿಸಿಆರ್ ಎಲ್ಲದರ ಪ್ಲಗ್ ಕೀಳುವುದು ರೂಢಿ ಮಾಡಿಕೊಳ್ಳಿ. ಡಿಶ್‌ನ ಕೇಬಲ್ಲನ್ನೂ ಬಿಚ್ಚಿ, ಸಿಡಿಲು ಆ ದಾರಿಯಿಂದಲೂ ಬರುತ್ತದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ನನ್ನ ಮೇಜಿನ ಮೇಲೆ ಎಚ್‌ಡಿಎಂಐ ಸುಟ್ಟ ಟಿವಿಗಳು ಸಾಲಾಗಿ ಕೂರುತ್ತವೆ. ಕ್ಯಾಸೆಟ್ ಕೆಲಸವನ್ನು ಜೂನ್ ತಿಂಗಳ ಮೊದಲೇ ಮುಗಿಸಿ. ಎರಡರಲ್ಲಿ ಹಾಕಿಯದ್ದನ್ನು ಮೊದಲು ಕೊಡಿ. ಮದುವೆ ಕ್ಯಾಸೆಟ್ಟಿನ ಇನ್ನೊಂದು ಪ್ರತಿ ನಿಮ್ಮ ತವರಿನಲ್ಲೋ, ಆ ಭಾವನವರ ಮನೆಯಲ್ಲೋ ಇರಬಹುದು. ಮಾವನವರ ಪಂದ್ಯದ್ದು ನಿಮ್ಮ ಹತ್ತಿರ ಇರುವುದೊಂದೇ, ಅಲ್ವಾ?